ಎಂಟನೇ ಟೇಬಲಿನ ಕಣ್ಣು

ಮುನಿಗಂಗಮ್ಮನವರ ಕಣ್ಣಿನ ಬಗ್ಗೆ ಹೇಳಬೇಕಾದರೆ ಮೊದಲು ಬಸ್ಸಿನ ವಿಷಯ ಹೇಳಬೇಕು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಬರುವ ರಸ್ತೆಯಲ್ಲಿ, ರೇಷ್ಮೆ ಬಿತ್ತನೆ ಕೋಠಿಯೊಂದರ ಎದುರಿಗೆ, ಒಂದು ಬೇವಿನ ಮರ ಇದೆ. ಸಂಜೆ ಕೆಲಸ ಮುಗಿಸಿದ ಹೆಂಗಸರು ಅಲ್ಲಿ ನಿಂತು ಬಸ್ಸಿಗೆ ಕಾಯುತ್ತಾರೆ. ದೂರದ ಏರಿನ ಮೇಲೆ ಬಸ್ಸು ಬೆಂಕಿಪೊಟ್ಟಣದಷ್ಟು ಕಾಣಿಸಿಕೊಂಡಾಗಲೇ ಮುನಿಗಂಗಮ್ಮ ಅದರ ನಂಬರ್ ಪ್ಲೇಟನ್ನು ಓದಿಬಿಡುತ್ತಿದ್ದರು. ಓದಿ, ಉಳಿದವರ ಕಡೆ ತಿರುಗಿ, "ತಪ್ಪಿದ್ರೆ ನಾಳೆ ಎಲ್ರಿಗೂ ನಂದೇ ಬೋಂಡ ಕಣ್ರೇ" ಅನ್ನುತ್ತಿದ್ದರು. ಹನ್ನೊಂದು ವರ್ಷದಲ್ಲಿ ಆ ಬೋಂಡ ತಿಂದವರು ಒಬ್ಬರೂ ಇಲ್ಲ.

ಅಂಥ ಕಣ್ಣನ್ನು ಹಾಳು ಮಾಡಿದವನು ನಾನು. ಕಡ್ಡಿ ಚುಚ್ಚಿ ಮಾಡಲಿಲ್ಲ, ಒಂದು ಸೊನ್ನೆ ಬರೆದು ಮಾಡಿದೆ. ಈ ಮಾತನ್ನು ಸುತ್ತಿ ಬಳಸಿ ಹೇಳುವುದಕ್ಕೆ ನನಗೆ ಬರುತ್ತದೆ, ಹನ್ನೊಂದು ತಿಂಗಳು ಅದೇ ಕೆಲಸ ಮಾಡಿದ್ದೇನೆ. ಈಗ ನೇರವಾಗಿ ಹೇಳುತ್ತೇನೆ.

ನನ್ನ ಹೆಸರು ನರಸಿಂಹಮೂರ್ತಿ. ಚಿಂತಾಮಣಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಟೊಮೆಟೊ ಕ್ರೇಟು ಜೋಡಿಸಿಡುವ ಗೋದಾಮಿನ ಮೇಲ್ಮಹಡಿಯಲ್ಲಿ ನನ್ನ ಕಂಪ್ಯೂಟರ್ ಸೆಂಟರು. ಆರು ಕಂಪ್ಯೂಟರು, ಹನ್ನೊಂದು ಕುರ್ಚಿ, ಒಬ್ಬ ಮೇಷ್ಟ್ರು. ಸಿ ಭಾಷೆ ಕಲಿಸುತ್ತೇನೆ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಸೆಮಿಕೋಲನ್ ಮರೆತ ಹುಡುಗರಿಗೆ "ಊಟಕ್ಕೆ ಕೂತಾಗ ಬಾಯಿ ಮರೀತೀರೇನ್ರೋ" ಅಂತ ಬಯ್ಯುವುದು ನನ್ನ ಅಭ್ಯಾಸ. ಊರಿನಲ್ಲಿ ನನಗೆ ಒಳ್ಳೆಯ ಹೆಸರೇ ಇತ್ತು, ಈಗಲೂ ಇದೆ. ಅದೇ ನನ್ನ ತೊಂದರೆ.

೨೦೦೨ರಲ್ಲಿ ಒಂದು ದಿನ ಕೋಠಿಯ ಯಜಮಾನರು ವೆಂಕಟರವಣಪ್ಪನವರು ಮೆಟ್ಟಿಲು ಹತ್ತಿ ಬಂದರು. "ಮೇಷ್ಟ್ರೇ, ನಾನೂ ಒಂದ್ ಕಂಪ್ಯೂಟರ್ ತಂದು ಮಡಗಿದೀನಿ. ಮದುವಣಗಿತ್ತಿ ಥರ ಬಟ್ಟೆ ಹೊದ್ಕೊಂಡು ಕೂತೈತೆ. ಅದ್ರ ಕೈಲಿ ಏನಾದ್ರೂ ಕೆಲಸ ಮಾಡಿಸ್ಕೊಡಿ" ಅಂದರು.

ಬಿತ್ತನೆ ಕೋಠಿ ಅಂದರೆ ರೇಷ್ಮೆಹುಳುವಿನ ಮೊಟ್ಟೆ ತಯಾರಿಸಿ ರೈತರಿಗೆ ಕೊಡುವ ಜಾಗ. ಮೊಟ್ಟೆ ಇಟ್ಟ ತಾಯಿಚಿಟ್ಟೆಯನ್ನು ಅರೆದು, ಆ ರಸದ ಒಂದು ತೊಟ್ಟನ್ನು ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಗಂಟುರೋಗದ ಕಣ ಕಂಡರೆ ಆ ಚಿಟ್ಟೆಯ ಮೊಟ್ಟೆಯನ್ನು ಸುಟ್ಟುಬಿಡಬೇಕು. ಕಣ ಇದ್ದದ್ದು ಕಾಣದೆ ಹೋದರೆ ರೈತನ ಮನೆಯಲ್ಲಿ ಹುಳುವಿನ ಮೈಮೇಲೆ ಕರಿಚುಕ್ಕೆ ಬಿದ್ದು, ಒಂದು ದಪ್ಪ ಒಂದು ಸಣ್ಣ ಆಗಿ, ಗೂಡು ಕಟ್ಟುವ ಮೊದಲೇ ಎಲ್ಲ ತಿಪ್ಪೆಗೆ. ಒಂದು ತಿಂಗಳು ಮನೆಮಂದಿಯೆಲ್ಲ ಸೊಪ್ಪು ಕಿತ್ತು ಹಾಕಿದ ಕೆಲಸ ಮಣ್ಣುಪಾಲು. ಹಾಗಾಗಿ ಕೋಠಿಯಲ್ಲಿ ಕಣ್ಣಿಗೇ ಬೆಲೆ.

ಆಗ ಆ ಕೋಣೆಯಲ್ಲಿ ಏಳು ಟೇಬಲ್ಲು, ಏಳು ಹೆಂಗಸರು. ಮುನಿಗಂಗಮ್ಮ ಅವರಿಗೆಲ್ಲ ಹಿರಿಯರು. ಕೈವಾರದ ಹತ್ತಿರದ ಹಳ್ಳಿಯವರು, ಏಳನೇ ಕ್ಲಾಸು ಓದಿದವರು, ಗಂಡ ಎರ್ರಪ್ಪ ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸದವರು. ಈಕೆ ಮೊದಲು ಕೋಠಿಗೆ ಬಂದದ್ದು ಕಸ ಗುಡಿಸುವುದಕ್ಕೆ. ಒಂದು ಮಧ್ಯಾಹ್ನ ಪರೀಕ್ಷೆಯವರು ಊಟಕ್ಕೆ ಹೋದಾಗ, ಪೊರಕೆ ಹಿಡಿದುಕೊಂಡೇ ಬಗ್ಗಿ ಒಂದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರಂತೆ. ಊಟ ಮುಗಿಸಿ ಬಂದವರಿಗೆ "ಇಲ್ನೋಡಿ, ಇದ್ರಲ್ಲಿ ಹೊಳಿಯೋ ಅಕ್ಕಿನುಚ್ಚು ಥರ ಏನೋ ಐತೆ" ಅಂದರಂತೆ. ಎಲ್ಲರೂ ನಕ್ಕರು. ಮತ್ತೆ ನೋಡಿದರೆ ನಿಜವಾಗಿಯೂ ಇತ್ತು. ಮಾರನೇ ದಿನದಿಂದ ಪೊರಕೆ ಬೇರೆಯವರ ಕೈಗೆ ಹೋಯಿತು.

ನಾನು ಪ್ರೋಗ್ರಾಂ ಬರೆಯುವುದಕ್ಕೆ ಮುಂಚೆ ಕೆಲಸ ಹೇಗೆ ನಡೆಯುತ್ತದೆ ಅಂತ ತಿಳಿಯಲು ಅವರ ಪಕ್ಕ ಎರಡು ದಿನ ಕೂತಿದ್ದೆ. ಸೂಕ್ಷ್ಮದರ್ಶಕದಲ್ಲಿ ಇಣುಕಿದರೆ ನನಗೆ ಕಂಡದ್ದು ನನ್ನದೇ ರೆಪ್ಪೆಕೂದಲು. ಮುನಿಗಂಗಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. "ಸಾರ್, ಒಂದ್ ಕಣ್ಣು ಮುಚ್ಕೊಂಡ್ ನೋಡ್ಬಾರ್ದು. ಎರಡೂ ಬಿಟ್ಕೊಂಡು ನೋಡಿ. ಮುಚ್ಚಿದ ಕಣ್ಣಿಗೇ ಆಯಾಸ ಜಾಸ್ತಿ."

ಪ್ರೋಗ್ರಾಂ ದೊಡ್ಡದೇನಲ್ಲ. ಪ್ರತಿ ತಟ್ಟೆ ಚಿಟ್ಟೆಯ ಜೊತೆ ಒಂದು ಚೀಟಿ ಬರುತ್ತಿತ್ತು. ಅದರಲ್ಲಿ ತಾರೀಖು, ತಟ್ಟೆಯ ನಂಬರು, ನೋಡಿದವರ ಟೇಬಲ್ ನಂಬರು. ಶೈಲಜಾ ಅಂತ ಒಬ್ಬ ಹುಡುಗಿ ಅದನ್ನು ಕಂಪ್ಯೂಟರಿಗೆ ಹೊಡೆಯಬೇಕು. ಹೊಡೆದ ಮೇಲೆ, ರೋಗ ಹರಡಬಾರದು ಅಂತ, ಪರೀಕ್ಷೆ ಕೋಣೆಯ ಕಸದ ಜೊತೆ ಚೀಟಿಗಳನ್ನೂ ಅವತ್ತೇ ಸುಡುತ್ತಿದ್ದರು. ಮೊದಲು ಒಂದು ದಪ್ಪ ರಿಜಿಸ್ಟರ್ ಇತ್ತು. "ಕಂಪ್ಯೂಟರ್ ಬಂದ್ಮೇಲೆ ಅದ್ಯಾಕೆ ಯಜಮಾನ್ರೇ, ಎತ್ತಿಡ್ಸಿ" ಅಂತ ಹೇಳಿದ ಜಾಣನೂ ನಾನೇ.

ವೆಂಕಟರವಣಪ್ಪನವರಿಗೆ ಒಂದು ಅಭ್ಯಾಸ ಇತ್ತು. ಯಾವ ನಂಬರನ್ನೂ ಅವರು ಮೂರು ಅಂಕಿಗಿಂತ ಕಡಿಮೆ ಬರೆಯಲು ಬಿಡುತ್ತಿರಲಿಲ್ಲ. ಒಂದು ಅಂದರೆ 001, ಏಳು ಅಂದರೆ 007. "ಮುಂದ್ಗಡೆ ಜಾಗ ಬಿಟ್ರೆ ಯಾವನಾದ್ರೂ ಬಂದು ಒಂದು ಗೀಚಿಬಿಡ್ತಾನೆ ಮೇಷ್ಟ್ರೇ. ಸೊನ್ನೆ ಅಂದ್ರೆ ಬಾಗಿಲಿಗೆ ಹಾಕಿದ ಚಿಲಕ" ಅನ್ನುವುದು ಅವರ ವಾದ. ಟೇಬಲ್ಲುಗಳ ಮೇಲೂ ಹಾಗೇ ಬಣ್ಣದಲ್ಲಿ ಬರೆಸಿದ್ದರು, ಚೀಟಿಯಲ್ಲೂ ಹಾಗೇ, ಶೈಲಜಾ ಹೊಡೆಯುವುದೂ ಹಾಗೇ.

ಇಲ್ಲಿ ಸ್ವಲ್ಪ ಪಾಠ ಮಾಡಬೇಕು, ಸಹಿಸಿಕೊಳ್ಳಿ. ಕೀಲಿಮಣೆಯಲ್ಲಿ 007 ಅಂತ ಹೊಡೆದರೆ ಅದು ಕಂಪ್ಯೂಟರಿಗೆ ಇನ್ನೂ ಸಂಖ್ಯೆ ಅಲ್ಲ. ಸೊನ್ನೆ, ಸೊನ್ನೆ, ಏಳು ಅಂತ ಸಾಲಾಗಿ ನಿಂತ ಮೂರು ಅಕ್ಷರ ಅಷ್ಟೆ. ಅದನ್ನು ಲೆಕ್ಕಕ್ಕೆ ಬರುವ ಸಂಖ್ಯೆ ಮಾಡಿಕೊಡುವುದಕ್ಕೆ ಸಿ ಭಾಷೆಯಲ್ಲಿ strtoul ಅಂತ ಒಂದು ಆಳು ಇದ್ದಾನೆ. ಮೈನಸ್ ಇಲ್ಲದ ಪೂರ್ಣಾಂಕ ಮಾಡುವುದು ಅವನ ಕೆಲಸ. ಅವನಿಗೆ ಮೂರು ಸಾಮಾನು ಕೊಡಬೇಕು. ಒಂದು, ಆ ಅಕ್ಷರಗಳು. ಎರಡು, ಓದುತ್ತಾ ಓದುತ್ತಾ ಎಲ್ಲಿ ನಿಂತೆ ಅಂತ ಅವನು ಗುರುತು ಮಾಡಿ ಹೇಳುವುದಕ್ಕೆ ಒಂದು ಜಾಗ. ಮೂರು, ಯಾವ ಎಣಿಕೆಯಲ್ಲಿ ಓದಬೇಕು ಅನ್ನುವ ಅಪ್ಪಣೆ. ನಮ್ಮ ನಿಮ್ಮ ಹತ್ತರ ಎಣಿಕೆ ಬೇಕಾದರೆ ಅಲ್ಲಿ 10 ಅಂತ ಬರೆಯಬೇಕು. 0 ಅಂತ ಬರೆದರೆ "ನೀನೇ ನೋಡಿ ತೀರ್ಮಾನ ಮಾಡಪ್ಪ" ಅಂತ ಅರ್ಥ.

ತಾರೀಖು, ತಟ್ಟೆಯ ನಂಬರುಗಳನ್ನು ಅಕ್ಷರವಾಗಿಯೇ ಇಟ್ಟುಕೊಂಡು, ಟೇಬಲ್ ನಂಬರನ್ನು ಮಾತ್ರ ಈ ಆಳಿನ ಕೈಗೆ ಕೊಟ್ಟೆ. ಅಲ್ಲಿ ನಾನು 0 ಬರೆದೆ. ಅದೊಂದು ಠೀವಿ, ಪುಸ್ತಕದಲ್ಲಿ ನೋಡಿದ್ದೆ. ಎಲ್ಲಿ ನಿಂತೆ ಅಂತ ಹೇಳುವ ಜಾಗವನ್ನು ಕೊಡಲೇ ಇಲ್ಲ, ನನಗೇಕೆ ಆ ವರದಿ ಅಂತ. ಆದರೆ ನೀನೇ ತೀರ್ಮಾನ ಮಾಡು ಅಂದಾಗ ಆ ಆಳಿಗೆ ಒಂದು ಹಳೆಯ ರೂಢಿ ಇದೆ. ಅಕ್ಷರ ಸೊನ್ನೆಯಿಂದ ಶುರುವಾದರೆ ಅದು ಎಂಟರ ಎಣಿಕೆ ಅಂತ ಹಿಡಿಯುತ್ತಾನೆ. ಎಂಟರ ಎಣಿಕೆಯಲ್ಲಿ ಏಳಾದ ಮೇಲೆ ನೇರ 10. ಅಂದರೆ ಅವನ ಲೆಕ್ಕದಲ್ಲಿ 010 ಎಂದರೆ ಹತ್ತಲ್ಲ, ಎಂಟು. 8 ಮತ್ತು 9 ಅನ್ನುವ ಅಂಕಿಗಳೇ ಆ ಎಣಿಕೆಯಲ್ಲಿಲ್ಲ. 008 ಕೊಟ್ಟರೆ ಸೊನ್ನೆಗಳನ್ನು ಓದಿ, 8 ಕಂಡು ಕಕ್ಕಾಬಿಕ್ಕಿಯಾಗಿ ನಿಂತು, ಬರೀ ಸೊನ್ನೆ ತಂದು ಕೈಗಿಡುತ್ತಾನೆ. ಸೊನ್ನೆ ಬಂದರೆ ನಂಬರ್ ಸರಿಯಿಲ್ಲ ಅನ್ನು ಅಂತ ಪ್ರೋಗ್ರಾಮಿಗೆ ಹೇಳಿಟ್ಟಿದ್ದೆ.

ಟೇಬಲ್ಲು ಏಳೇ ಇದ್ದವು. 001ರಿಂದ 007ರವರೆಗೆ ಎಲ್ಲವನ್ನೂ ಕೊಟ್ಟು ನೋಡಿದೆ, ಎಲ್ಲ ಸರಿ ಬಂತು. ಯಜಮಾನರು ಶಾಲು ಹೊದಿಸಿ ಹಾರ ಹಾಕಿದರು. ಮುನಿಗಂಗಮ್ಮನೂ ಚಪ್ಪಾಳೆ ತಟ್ಟಿದರು.

ಮುಂದಿನ ವರ್ಷ ಯುಗಾದಿ ಕಳೆದ ಮೇಲೆ ಕೋಠಿ ಬೆಳೆಯಿತು. ಪಕ್ಕದಲ್ಲಿ ಹೊಸ ಕೋಣೆ, ದೊಡ್ಡ ಕಿಟಕಿ, ಮೂರು ಹೊಸ ಟೇಬಲ್ಲು. ಮುನಿಗಂಗಮ್ಮ ಎಂಟನೆಯದಕ್ಕೆ ಹೋದರು. ಒಂಬತ್ತು ಮತ್ತು ಹತ್ತಕ್ಕೆ ಹೊಸ ಹುಡುಗಿಯರು, ಅವರಿಗೆ ಕಲಿಸುವ ಕೆಲಸವೂ ಇವರದೇ. ಹತ್ತರಲ್ಲಿ ಕೂತ ಹುಡುಗಿಯ ಹೆಸರು ಹರಿಣಿ.

ಹೊಸ ಕೋಣೆಯ ಪೂಜೆ ಆದ ಮಾರನೇ ದಿನ ನಾನು ಊಟಕ್ಕೆ ಕೂತಿದ್ದೆ. ಕೈಯಲ್ಲಿ ಮುದ್ದೆಯ ತುತ್ತು ಇತ್ತು. ಫೋನು ಬಂತು, ಶೈಲಜಾ.

"ಸಾರ್, 008 ಹೊಡೆದ್ರೆ ನಂಬರ್ ಸರಿಯಿಲ್ಲ ಅಂತೈತೆ ಸಾರ್. 009ಕ್ಕೂ ಅಂಗೇ ಅಂತೈತೆ."

"010 ಹೊಡೆದು ನೋಡಿದ್ಯಾ?"

"ಅದನ್ನ ಸುಮ್ನೆ ತಗೊಂತು ಸಾರ್."

"ಹಂಗಾದ್ರೆ ಎಂಟು ಒಂಬತ್ತಕ್ಕೆ ಸೊನ್ನೆ ಹಾಕ್ಬೇಡಮ್ಮ. ಬರೀ 8, ಬರೀ 9 ಹೊಡಿ. ಮಿಕ್ಕಿದ್ದೆಲ್ಲ ಹೆಂಗೈತೋ ಹಂಗೇ ಇರಲಿ" ಅಂದು ಫೋನಿಟ್ಟು ತುತ್ತು ನುಂಗಿದೆ. ಯಾಕೆ ಹೀಗಾಯಿತು ಅಂತ ಯೋಚಿಸಲಿಲ್ಲ. ನನ್ನ ವಿದ್ಯಾರ್ಥಿ ಹೀಗೆ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಯಂತ್ರ ತನಗೆ ಹುಷಾರಿಲ್ಲ ಅಂತ ಬಾಯಿಬಿಟ್ಟು ಹೇಳಿತ್ತು, ನಾನು ಅದರ ಬಾಯಿ ಮುಚ್ಚಿಸಿದೆ. ಅವತ್ತಿನಿಂದ ಎಂಟನೇ ಟೇಬಲಿನ ತಟ್ಟೆಗಳು ಎಂಟಕ್ಕೆ ಸೇರಿದವು. ಹತ್ತನೇ ಟೇಬಲಿನ ತಟ್ಟೆಗಳೂ ಎಂಟಕ್ಕೇ ಸೇರಿದವು.

ಆ ವರ್ಷ ದೀಪಾವಳಿ ಕಳೆದು ಹದಿನೈದು ದಿನಕ್ಕೆ ಮೂರು ಮನೆಗಳಲ್ಲಿ ಹುಳು ಹೋಯಿತು. ಮೂವರೂ ಒಂದೇ ದಿನದ, ಒಂದೇ ತಟ್ಟೆಯ ಮೊಟ್ಟೆ ತೆಗೆದುಕೊಂಡು ಹೋಗಿದ್ದವರು. ಅವರಲ್ಲಿ ಆವಲಪ್ಪ ಅನ್ನುವವರು ಸತ್ತ ಹುಳುವನ್ನು ಮೊರದಲ್ಲಿ ತಂದು ಕೋಠಿಯ ಬಾಗಿಲಲ್ಲಿ ಸುರಿದರು. ಆ ತಟ್ಟೆಯನ್ನು ಯಾರು ನೋಡಿದ್ದು ಅಂತ ತೆಗೆಯಬೇಕಿತ್ತು. ಯಜಮಾನರು ನನಗೆ ಹೇಳಿಕಳಿಸಿದರು. ಎಲ್ಲ ಹೆಂಗಸರೂ ಕೆಲಸ ಬಿಟ್ಟು ಕಂಪ್ಯೂಟರಿನ ಸುತ್ತ ನಿಂತಿದ್ದರು. ನಾನು ತಾರೀಖು ಕೊಟ್ಟೆ, ಅವರ ಮೊಟ್ಟೆ ಹಾಳೆಯ ಮೇಲಿದ್ದ ತಟ್ಟೆ ನಂಬರು ತೊಂಬತ್ತಮೂರು ಅಂತ ಕೊಟ್ಟೆ.

"ಎಂಟನೇ ಟೇಬಲ್ಲು" ಅಂತ ಓದಿದೆ. ಅದನ್ನು ಓದಿದ ಬಾಯಿ ನನ್ನದು.

ಮುನಿಗಂಗಮ್ಮ ಮುಂದೆ ಬಂದರು. "ಸಾರ್, ತೊಂಬತ್ತಮೂರು ನನ್ ಕೈಗೆ ಬಂದ ಗ್ಯಾನ ಇಲ್ಲ. ಇನ್ನೊಂದ್ಸಲ ನೋಡಿ ಸಾರ್" ಅಂದರು.

ಅಷ್ಟು ಜನರ ಮುಂದೆ ನನ್ನ ಪ್ರೋಗ್ರಾಮನ್ನು ಅನುಮಾನಿಸಿದರಲ್ಲ ಅಂತ ನನಗೆ ಕೋಪ ಬಂತು. "ಮನುಷ್ಯರು ಮರೀಬೌದು ಕಣಮ್ಮ. ಕಂಪ್ಯೂಟರ್ ಸುಳ್ಳು ಹೇಳಲ್ಲ" ಅಂದೆ.

ಅವರು ಹಿಂದಕ್ಕೆ ಸರಿದರು. ಹರಿಣಿ ಕಿಟಕಿಯ ಹತ್ತಿರ ನಿಂತು ಉಗುರು ಕಚ್ಚುತ್ತಿದ್ದಳು, ಪಾಪ, ಆ ತಟ್ಟೆ ತನ್ನದು ಅಂತ ಅವಳಿಗೂ ನೆನಪಿರಲಿಲ್ಲ. ದಿನಕ್ಕೆ ನೂರು ತಟ್ಟೆ ನೋಡುವ ಮನೆಯಲ್ಲಿ ತಿಂಗಳ ಹಿಂದಿನ ಒಂದು ತಟ್ಟೆ ಯಾರಿಗೆ ನೆನಪಿರುತ್ತದೆ?

ಯಜಮಾನರು ಒಳ್ಳೆಯವರು, ಕೆಲಸ ಬಿಡು ಅನ್ನಲಿಲ್ಲ. "ವಯಸ್ಸಾಯ್ತಲ್ಲಮ್ಮ ಗಂಗಮ್ಮ, ಗೂಡು ಆರಿಸೋ ಕೆಲಸಕ್ಕೆ ಬಾ" ಅಂದರು. ಮುನಿಗಂಗಮ್ಮ ಒಂದು ವಾರ ಬಂದರು. ಆಮೇಲೆ ತಾವೇ ಬಿಟ್ಟರು. ಬಿಟ್ಟವರು ಸುಮ್ಮನೆ ಮನೆಯಲ್ಲಿ ಕೂರಲಿಲ್ಲ. ಆ ಮೂರೂ ಮನೆಗಳಿಗೆ ನಡೆದು ಹೋಗಿ, "ನನ್ ಕಣ್ಣಿಂದ ನಿಮ್ ಬೆಳೆ ಹೋಯ್ತು, ತಪ್ಪಾಯ್ತು" ಅಂತ ಕೈಮುಗಿದು ಬಂದರಂತೆ. ಶೈಲಜಾ ಇದನ್ನು ಹೇಳಿದಾಗ ನಾನು "ಒಳ್ಳೇ ಹೆಂಗಸು" ಅಂತ ಮೆಚ್ಚಿಕೊಂಡೆ. ನನ್ನ ಹೃದಯ ಅಷ್ಟು ವಿಶಾಲ!

ಒಂದು ವರ್ಷ ಚಿಲ್ಲರೆ ಕಳೆಯಿತು. ೨೦೦೫ರ ಫೆಬ್ರುವರಿ. ಬೆಳಗಿನ ಬ್ಯಾಚಿಗೆ strtoul ಹೇಳಿಕೊಡುತ್ತಿದ್ದೆ. ಚೈತ್ರ ಅನ್ನುವ ಹುಡುಗಿ ಕೈ ಎತ್ತಿದಳು. "ಸಾರ್, 010 ಕೊಟ್ರೆ ನಂಗೆ 8 ಬರ್ತಿದೆ."

"ಸರಿಯಾಗಿ ಟೈಪ್ ಮಾಡಮ್ಮ, ಕಣ್ಣೆಲ್ಲಿಟ್ಟಿದೀಯ?" ಅಂದೆ.

"ಮೂರು ಸಲ ಮಾಡ್ದೆ ಸಾರ್. 008 ಕೊಟ್ರೆ ಸೊನ್ನೆ ಬರುತ್ತೆ. ಬರೀ 8 ಕೊಟ್ರೆ ಸರಿಯಾಗಿ ಬರುತ್ತೆ."

ನಾನು ಅವಳ ಪರದೆಯ ಮುಂದೆ ಬಗ್ಗಿದೆ. ಮೂರನೇ ಸಾಮಾನಿನ ಜಾಗದಲ್ಲಿ 0. ನಾನೇ ಬೋರ್ಡಿನ ಮೇಲೆ ಬರೆದುಕೊಟ್ಟದ್ದು. ಬರೀ 8 ಹೊಡಿ ಅಂತ ನಾನೇ ಫೋನಿನಲ್ಲಿ ಹೇಳಿದ್ದು ಕಿವಿಯಲ್ಲಿ ಕೇಳಿಸಿತು. ಪಾಠ ಅಲ್ಲಿಗೇ ಬಿಟ್ಟು ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟೆ. ಹುಡುಗರು ಸಕ್ಕರೆ ಕಾಯಿಲೆ ಇರಬೇಕು ಅಂದುಕೊಂಡು ನೀರು ತಂದುಕೊಟ್ಟರು.

ಮಾರನೇ ದಿನ ಕೋಠಿಗೆ ಹೋಗಿ ಆ ಹಳೆಯ ದಿನದ ಪಟ್ಟಿ ಪೂರ್ತಿ ತೆಗೆದೆ. ಕೋಠಿಯಲ್ಲಿ ಟೇಬಲಿಗೆ ಹತ್ತರಂತೆ ತಟ್ಟೆಗಳನ್ನು ಸಾಲಾಗಿ ಹಂಚುತ್ತಾರೆ. ಆ ದಿನ ಎಂಟನೇ ಟೇಬಲಿಗೆ ಎಪ್ಪತ್ತೊಂದರಿಂದ ಎಂಬತ್ತು. ಒಂಬತ್ತಕ್ಕೆ ಎಂಬತ್ತೊಂದರಿಂದ ತೊಂಬತ್ತು. ಆಮೇಲೆ ಮತ್ತೆ ಎಂಟಕ್ಕೇ ತೊಂಬತ್ತೊಂದರಿಂದ ನೂರು. ಹತ್ತನೇ ಟೇಬಲಿನ ಮುಂದೆ ಆ ದಿನ ಒಂದೂ ಇಲ್ಲ. ಆ ದಿನ ಮಾತ್ರವಲ್ಲ, ಆ ಟೇಬಲ್ಲು ಬಂದಾಗಿನಿಂದ ಒಂದೂ ಇಲ್ಲ. ಹರಿಣಿ ಎರಡು ವರ್ಷ ಕೂತು ಕೆಲಸ ಮಾಡಿದ್ದಾಳೆ, ನನ್ನ ಪ್ರೋಗ್ರಾಮಿನಲ್ಲಿ ಅವಳು ಹುಟ್ಟೇ ಇಲ್ಲ. ಒಂದೇ ಒಂದು ಸಲ ಪಟ್ಟಿಯನ್ನು ಪೂರ್ತಿ ನೋಡಿದ್ದರೆ ಕುರುಡನಿಗೂ ಕಾಣುತ್ತಿತ್ತು.

0 ಇದ್ದಲ್ಲಿ 10 ಅಂತ ಬರೆದೆ. ಅರ್ಧ ನಿಮಿಷದ ಕೆಲಸ. ಶೈಲಜಾ ಪಕ್ಕದಲ್ಲೇ ಇದ್ದಳು. "ಏನಾಗಿತ್ತು ಸಾರ್?" ಅಂದಳು.

"ಧೂಳು ಕೂತಿತ್ತಮ್ಮ" ಅಂದೆ.

ಹೀಗೆ ಶುರುವಾಯಿತು ಆ ಹನ್ನೊಂದು ತಿಂಗಳು. ಹೇಳಬೇಕು ಅಂತ ಪ್ರತಿ ವಾರ ಅಂದುಕೊಳ್ಳುತ್ತಿದ್ದೆ. ಈ ಸೋಮವಾರ ಬೇಡ, ಬ್ಯಾಚು ಮುಗಿಯಲಿ. ಪಿತೃಪಕ್ಷ ಬಂತು, ಈಗ ಬೇಡ. ಹೇಳಿದರೆ ಊರೆಲ್ಲ ಗೊತ್ತಾಗುತ್ತದೆ, ಸಿ ಮೇಷ್ಟ್ರಿಗೇ ಎಂಟು ಯಾವುದು ಹತ್ತು ಯಾವುದು ಅಂತ ಗೊತ್ತಿಲ್ಲವಂತೆ ಅಂತ ನಗುತ್ತಾರೆ. ಇದಕ್ಕಿಂತ ದೊಡ್ಡ ಕಾರಣ ನನ್ನಲ್ಲಿ ಏನೂ ಇರಲಿಲ್ಲ. ನನಗೆ ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಅಷ್ಟೇ.

ನಡುವೆ ಒಂದು ಸಲ ಮುನಿಗಂಗಮ್ಮನವರ ಮನೆಗೆ ಹೋದೆ. ಹೇಳುವುದಕ್ಕೇ ಹೋದದ್ದು. ಅವರು ಜಗಲಿಯ ಮೇಲೆ ಕೂತಿದ್ದರು, ಮುಂದೆ ಮೊರದಲ್ಲಿ ಅಕ್ಕಿ ಇತ್ತು. ಕೈ ಹಾಕಿರಲಿಲ್ಲ, ಸೊಸೆಗೆ ಕಾಯುತ್ತಿದ್ದರು. "ನಾನು ಆರ್ಸಿದ್ರೆ ಕಲ್ಲು ಉಳ್ಕೊಂಬಿಡ್ತದೆ ಸಾರ್, ಮಕ್ಳ ಹಲ್ಲು ಹೋದಾವು" ಅಂದರು. ಊರಿಗೆ ಬಂದಿದ್ದ ಕಣ್ಣಿನ ಕ್ಯಾಂಪಿಗೆ ಹೋಗಿದ್ದರಂತೆ. "ಡಾಕ್ಟ್ರು ನಿನ್ ಕಣ್ಣು ಹದ್ದಿನ ಕಣ್ಣು ಕಣಮ್ಮ ಅಂದ್ರು. ಕಂಪ್ಯೂಟರ್ ನೋಡಿದ್ರೆ ಅಂಗಂತು. ಡಾಕ್ಟ್ರು ಬಡವರ ಮನಸ್ಸು ನೋಯ್ಬಾರ್ದು ಅಂತ ಏನೋ ಹೇಳ್ತಾರೆ. ಕಂಪ್ಯೂಟರ್‌ಗೆ ಅಂಥ ದಾಕ್ಷಿಣ್ಯ ಇರಲ್ಲ, ಅಲ್ವಾ ಸಾರ್?"

ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿದೆ. ನುಂಗಿ ಏನು ಮಾಡಿದೆ ಗೊತ್ತೇ? ಅವರನ್ನು ಚಿಂತಾಮಣಿಗೆ ಕರೆದುಕೊಂಡು ಹೋಗಿ ಒಂದು ಕನ್ನಡಕ ಕೊಡಿಸಿದೆ! ನಲವತ್ತೈದು ದಾಟಿದವರಿಗೆಲ್ಲ ಅಂಗಡಿಯವನು ಕೊಡುವ ಓದುವ ಕನ್ನಡಕ. ಅವರು ಬಸ್ಸು ಹತ್ತುವಾಗ "ನಿಮ್ ಹೊಟ್ಟೆ ತಣ್ಣಗಿರ್ಲಿ ಸಾರ್, ಹೆತ್ತ ಮಗ ಮಾಡ್ದಂಗ್ ಮಾಡಿದ್ರಿ" ಅಂದರು. ಆ ಆಶೀರ್ವಾದ ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಉರಿಯುತ್ತಿದೆ.

ಓದುವಾಗ ಮಾತ್ರ ಹಾಕಿಕೊಳ್ಳಬೇಕಾದ ಕನ್ನಡಕವನ್ನು ಅವರು ದಿನವಿಡೀ ಹಾಕಿಕೊಂಡರು. ಅದರೊಳಗಿಂದ ನೆಲ ಮೇಲೆ ಎದ್ದ ಹಾಗೆ ಕಾಣುತ್ತದೆ. ೨೦೦೬ರ ಸಂಕ್ರಾಂತಿಯ ಮಾರನೇ ದಿನ, ಎರ್ರಪ್ಪನವರಿಗೆ ಊಟ ತೆಗೆದುಕೊಂಡು ಹೋಗುವಾಗ, ನೀರಿನ ಟ್ಯಾಂಕಿನ ಮೆಟ್ಟಿಲು ತಪ್ಪಿ ಬಿದ್ದರು. ಎಡಗೈ ಮೂಳೆ ಮುರಿಯಿತು. ಶೈಲಜಾ ಫೋನಿನಲ್ಲಿ ಇದನ್ನು ಹೇಳಿದಾಗ ಇನ್ನು ಯಾವ ಸೋಮವಾರವೂ ಉಳಿದಿಲ್ಲ ಅಂತ ನನಗೆ ಗೊತ್ತಾಯಿತು.

ಹೋದೆ. ಅದೇ ಜಗಲಿ. ಕೈಗೆ ಪಟ್ಟಿ, ಕಣ್ಣಿಗೆ ನಾನು ಕೊಡಿಸಿದ ಕನ್ನಡಕ. ಕೂರಲಿಲ್ಲ, ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ನೆಲದ ಮೇಲೆ ಸುಣ್ಣದ ಚೂರಿನಲ್ಲಿ 010 ಅಂತ ಬರೆದು ತೋರಿಸಿದೆ. "ಇದು ಹತ್ತು. ನಾನು ಬರೆದದ್ದು ಇದನ್ನ ಎಂಟು ಅಂತ ಓದ್ತು. ತೊಂಬತ್ತಮೂರನೇ ತಟ್ಟೆ ನಿಮ್ದಲ್ಲ. ನಿಮ್ ಕಣ್ಣು ಯಾವತ್ತೂ ತಪ್ಪಿಲ್ಲಮ್ಮ. ತಪ್ಪಿದ್ದು ನಾನು."

ಅವರು ಬಗ್ಗಿ ಆ ಅಂಕಿಯನ್ನು ನೋಡಿದರು. ಆಮೇಲೆ ಕೇಳಿದರು. "ಇದು ನಿಮಗೆ ಯಾವಾಗ ಗೊತ್ತಾಯ್ತು ಸಾರ್?"

ಸುಳ್ಳು ಹೇಳಬಹುದಿತ್ತು. "ಹೋದ ವರ್ಷ ಫೆಬ್ರುವರೀಲಿ" ಅಂದೆ.

"ಕನ್ನಡಕ ಕೊಡ್ಸಿದ್ದು?"

"ಆಮೇಲೆ."

ಒಳಗಡೆ ಸೊಸೆ ಪಾತ್ರೆ ತೊಳೆಯುತ್ತಿದ್ದವಳು ಕೈ ನಿಲ್ಲಿಸಿದಳು. ಮುನಿಗಂಗಮ್ಮ ಒಂದೇ ಕೈಯಲ್ಲಿ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ನನ್ನ ಕೈಯಲ್ಲಿಟ್ಟರು. "ಕಂಪ್ಯೂಟರ್ ತಪ್ಪು ಮಾಡ್ತು, ಅದು ಜಡ, ಬಿಡಿ. ನೀವು ಎಲ್ಲಾ ಗೊತ್ತಿದ್ದು ನನ್ ಕೈ ಹಿಡ್ಕೊಂಡು ಅಂಗ್ಡಿಗೆ ಕರ್ಕೊಂಡು ಹೋದ್ರಲ್ಲ ಸಾರ್" ಅಂದರು. ಬಯ್ಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಏನ್ ಮಾಡ್ಲಿ ಹೇಳಿ ಅಮ್ಮ. ಯಜಮಾನ್ರಿಗೆ ಇವತ್ತೇ ಹೇಳ್ತೀನಿ."

"ಅವ್ರಿಗೆ ಹೇಳಿ. ಅದು ನಿಮ್ ಕೆಲಸ. ನಾನು ಮೂರು ಮನೇಲಿ ಕೈ ಮುಗ್ದಿದೀನಿ. ಆ ಮೂರು ಮನೆಗೂ ನನ್ ಜೊತೆ ಬನ್ನಿ." ಮತ್ತೆ ಅಂದರು, "ಹತ್ತರಲ್ಲಿ ಕೂತಿದ್ದ ಆ ಹುಡುಗಿ ಹೆಸ್ರು ಮಾತ್ರ ಎಲ್ಲೂ ಎತ್ತಬ್ಯಾಡಿ. ಮದುವೆಯಾಗಿ ಗೌರಿಬಿದನೂರಿಗೆ ಹೋದ್ಲು. ಕಲಿಯೋ ಕಣ್ಣು, ಒಂದ್ಸಲ ತಪ್ತು. ಕಂಪ್ಯೂಟರ್ ತಪ್ಪು ಅಂತಾನೂ ಅನ್ಬ್ಯಾಡಿ. ನಿಮ್ ತಪ್ಪು ಅಂತ ಹೇಳಿ."

ಯಜಮಾನರಿಗೆ ಅವತ್ತೇ ಸಂಜೆ ಹೇಳಿದೆ. ವೆಂಕಟರವಣಪ್ಪನವರು ಸೊನ್ನೆಯ ಕಥೆ ಕೇಳಿ, ಟೇಬಲಿನ ಮೇಲಿನ ತಮ್ಮದೇ 010 ಅನ್ನು ಬೆರಳಿನಿಂದ ಸವರಿದರು. ಆಮೇಲೆ ಆ ಹಳೆಯ ರಿಜಿಸ್ಟರನ್ನು ಅಟ್ಟದಿಂದ ಇಳಿಸಲು ಹೇಳಿ, "ಗಂಗಮ್ಮ ಬರ್ತಾರಾ ಕೇಳಿ ಮೇಷ್ಟ್ರೇ" ಅಂದರು. ಅದನ್ನು ಕೇಳುವ ಯೋಗ್ಯತೆ ನನಗಿಲ್ಲ, ನೀವೇ ಹೋಗಿ ಕೇಳಿ ಅಂದೆ.

ಮುನಿಗಂಗಮ್ಮನವರ ಕೈಗೆ ಕಟ್ಟಿದ ಪಟ್ಟಿ ಬಿಚ್ಚಿದ ಮೇಲೆ ಒಂದು ಭಾನುವಾರ ಮೂರೂ ಮನೆಗೆ ಹೋದೆವು. ಮೊದಲನೇ ಮನೆಯಲ್ಲಿ ನನ್ನ ಮಾತು ಅರ್ಥವೇ ಆಗಲಿಲ್ಲ, ಕಾಫಿ ಕೊಟ್ಟು ಕಳಿಸಿದರು. ಎರಡನೇ ಮನೆಯವನು ನನ್ನ ಅಂಗಿಯ ಕಾಲರ್ ಹಿಡಿದ. ಮುನಿಗಂಗಮ್ಮ ಬಿಡಿಸಲಿಲ್ಲ, ಅವನೇ ಬಿಡುವವರೆಗೆ ಪಕ್ಕದಲ್ಲಿ ನಿಂತಿದ್ದರು. ಮೂರನೆಯದು ಆವಲಪ್ಪನವರ ಮನೆ. ಮನೆತುಂಬ ಹುಳು ನಾಲ್ಕನೇ ಜ್ವರ ಎದ್ದಿತ್ತು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಸೊಪ್ಪು ತಿನ್ನುವ ಸದ್ದಿಗೆ ಮನೆಯೊಳಗೆ ಮಳೆ ಬರುತ್ತಿದ್ದ ಹಾಗಿತ್ತು. ನಾನು ಹೇಳಿದ್ದನ್ನೆಲ್ಲ ಆವಲಪ್ಪ ಕೇಳಿಸಿಕೊಂಡರು. ಕೇಳಿ ನನ್ನ ಕಡೆ ತಿರುಗಿಯೂ ನೋಡದೆ ಎದ್ದು ಹೋಗಿ ಮುನಿಗಂಗಮ್ಮನವರ ಮುಂದೆ ನಿಂತರು.

"ಅವತ್ತು ನೀನು ಬಂದಾಗ ನಾನು ಬಾಗ್ಲು ಹಾಕ್ಕೊಂಡ್ನಲ್ಲಮ್ಮ" ಅಂದರು. "ನಿಂದಲ್ದ ತಪ್ಪಿಗೆ ಯಾಕಮ್ಮ ಕೈ ಮುಗ್ದೆ?"

"ನನ್ ಕಣ್ಣಿನ ಮೇಲೆ ನನಗೇ ನಂಬಿಕೆ ಹೋಗಿತ್ತಣ್ಣ" ಅಂದರು ಮುನಿಗಂಗಮ್ಮ. ಅಲ್ಲಿಯವರೆಗೆ ಅಳದಿದ್ದವರು ಅಲ್ಲಿ ಅತ್ತರು.

ಹೊರಡುವಾಗ ಬಿಸಿಲು ಇಳಿದಿತ್ತು. ಕ್ರಾಸಿನ ಹತ್ತಿರ ಬಸ್ಸಿಗೆ ನಿಂತೆವು. ಇಬ್ಬರೇ. ನನ್ನ ಜೇಬಿನಲ್ಲಿ ಆ ಕನ್ನಡಕ ಇತ್ತು. ಬಹಳ ಹೊತ್ತಾದ ಮೇಲೆ ದೂರದ ಏರಿನ ತುದಿಯಲ್ಲಿ ಏನೋ ಕೆಂಪಗೆ ಅಲ್ಲಾಡಿತು. ನನಗೆ ಅದು ಬಸ್ಸೋ ಟ್ರ್ಯಾಕ್ಟರೋ ತಿಳಿಯಲಿಲ್ಲ. ಮುನಿಗಂಗಮ್ಮ ಒಂದು ಹೆಜ್ಜೆ ಮುಂದೆ ಬಂದು, ಎರಡೂ ಕಣ್ಣು ಬಿಟ್ಟು ನೋಡಿದರು. ತುಟಿ ಅಲ್ಲಾಡಿತು, ನಿಂತಿತು. ಎರಡು ವರ್ಷದಿಂದ ಮಾಡದ ಕೆಲಸ.

"ಕೆಎ ಸೊನ್ನೆ ಏಳು" ಅಂದರು ನಿಧಾನಕ್ಕೆ. "ಎಫ್. ಆರು, ಸೊನ್ನೆ, ಎಂಟು." ಆಮೇಲೆ ನನ್ನ ಕಡೆ ತಿರುಗದೆ ಕೇಳಿದರು. "ನೀವೇ ನೋಡಿ ಹೇಳಿ ಸಾರ್. ಸರಿಯಾಗಿ ಓದಿ."

ಬಸ್ಸು ಇಳಿದು ಹತ್ತಿರ ಬಂತು. ಒಂದೊಂದೇ ಅಂಕಿ ಬೆರಳಿಟ್ಟು ನೋಡಿದ ಹಾಗೆ ನೋಡಿದೆ. ಎರಡೆರಡು ಸಲ ಓದಿದೆ.

"ಸರಿಯಾಗಿದೆಯಮ್ಮ" ಅಂದೆ.

ಅವರು ತಲೆಯಾಡಿಸಿ ಬಸ್ಸು ಹತ್ತಿದರು. ಮುಂದಿನ ಹೆಂಗಸರ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತರು. ನಾನು ಹಿಂದೆ ನಿಂತೆ. ಕೈವಾರದಲ್ಲಿ ಇಳಿಯುವವರೆಗೂ ಅವರು ಹೊರಗೆ ನೋಡುತ್ತಲೇ ಇದ್ದರು, ನನ್ನ ಕಡೆ ಒಂದು ಸಲವೂ ತಿರುಗಲಿಲ್ಲ.